ಒಪ್ಪಿದವನು

ಶರಟಿನ ಮೇಲಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ಕತ್ತು ದಪ್ಪವಾಗಿದೆಯೋ ಶರಟು ಕುಗ್ಗಿದೆಯೋ ಎಂದು ಲೋರೆನ್ ಅಪ್‌ಹಾಫ್ ಕನ್ನಡಿಯಲ್ಲಿ ನೋಡಿಕೊಂಡ, ಎರಡೂ ನಿಜವೆನಿಸಿತು. ಈ ಬಿಳಿ ಶರಟು ಈಚೆಗೆ ಸಾವಿನ ಮನೆಗಳಿಗೆ ಬಿಟ್ಟರೆ ಬೇರೆಲ್ಲಿಗೂ ಹೋಗಿರಲಿಲ್ಲ. ಇವತ್ತು ಸಾಕ್ಷಿ ಹೇಳಲು ವಕೀಲರ ಕಚೇರಿಗೆ ಹೊರಟಿದೆ. ಅಲ್ಲಿ ಬೈಬಲ್ ಇರುವುದಿಲ್ಲವಂತೆ, ಬಲಗೈ ಎತ್ತಿದರೆ ಸಾಕಂತೆ, ಆದರೆ ಹೇಳುವ ಒಂದೊಂದು ಮಾತೂ ಪ್ರಮಾಣದ ಮಾತೇ ಎಂದು ವಕೀಲ ಗ್ಯಾಲೊವೇ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದ. ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ ನೆಲ್ಡಾ ತಲೆ ಎತ್ತದೆಯೇ, "ಗುಂಡಿ ಬಿಡು, ಟೈ ಕಟ್ಟಿದ್ರೆ ಕಾಣಲ್ಲ," ಎಂದಳು. ಆಮೇಲೆ ಅವನತ್ತ ನೋಡಿ, "ಸುಳ್ಳು ಹೇಳೋಕೆ ಹೊರಟೋನ ಥರ ಇದ್ದೀಯ ನೋಡು," ಎಂದು ನಕ್ಕಳು. ಅವನು ನಗಲಿಲ್ಲ. ಹೆಂಡತಿಗೆ ಗೊತ್ತಿಲ್ಲದೆ ಮಾಡಿದ ಒಂದು ಕೆಲಸ ಗಂಟಲಲ್ಲಿ ಮೂಳೆಯ ಹಾಗೆ ಸಿಕ್ಕಿಕೊಂಡಿರುವವನಿಗೆ ಗುಂಡಿ ಹೇಗೆ ತಾನೇ ಹತ್ತೀತು.

ಕಿಟಕಿಯ ಆಚೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಅಂಚೆಪೆಟ್ಟಿಗೆಯ ಪಕ್ಕದಲ್ಲಿ ಕೆಂಪಕ್ಷರದ ಫಲಕ ನಿಂತಿತ್ತು: ನಾವು ಒಪ್ಪುವುದಿಲ್ಲ. ಡ್ವೈಟ್ ಟೀಗ್ ಇಂಥ ಫಲಕಗಳನ್ನು ಅಚ್ಚು ಹಾಕಿಸಿ ಬಂದೂಕು ಕ್ಲಬ್ಬಿನ ಎಲ್ಲರ ಅಂಗಳದಲ್ಲೂ ತಾನೇ ಸುತ್ತಿಗೆ ಹಿಡಿದು ನೆಟ್ಟು ಹೋಗಿದ್ದ. ಅವತ್ತು ನೆಲ್ಡಾ ಬಾಗಿಲಲ್ಲಿ ನಿಂತು, "ನಾವು ಅಂದ್ರೆ ಯಾರು? ನನ್ನನ್ಯಾರೂ ಕೇಳಲಿಲ್ವಲ್ಲ," ಎಂದು ಅಣಕಿಸಿದ್ದಳು. ಶಿಕಾಗೋದವರು ಸೇರಿಕೊಂಡು ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮಾಡಿದ ಕಾನೂನು ಅದು, ಎನ್ನುತ್ತಿದ್ದರು ಇಲಿನಾಯ್‌ನ ಈ ತುದಿಯ ಜನ. ಇನ್ನು ಮುಂದೆ ಸೈನ್ಯದ ಮಾದರಿಯ ಅರೆಸ್ವಯಂಚಾಲಿತ ರೈಫಲ್ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಮೊದಲೇ ಇದ್ದವರು ಹೊಸ ವರ್ಷದೊಳಗೆ ರಾಜ್ಯದ ಪೊಲೀಸರಲ್ಲಿ ನೋಂದಣಿ ಮಾಡಿಸಿ ಇಟ್ಟುಕೊಳ್ಳಬಹುದು, ಇಲ್ಲವಾದರೆ ಅಪರಾಧ. ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ತಾನು ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದ್ದ. ಕ್ಲಬ್ಬು ಕಾನೂನಿನ ಮೇಲೆ ದಾವೆ ಹೂಡಿತು. ದಾವೆ ಹೂಡಿದವರ ಹೆಸರುಗಳಲ್ಲಿ ಡ್ವೈಟ್‌ನ ಹೆಸರಾದ ಮೇಲೆ ಲೋರೆನ್‌ನದು. ಅಲ್ಲಿ ತನ್ನ ಹೆಸರು ಇರಲಿ ಎಂದು ಅವನೇನೂ ಕೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

ಹೊರಗೆ ಹಾರ್ನ್ ಕೇಳಿಸಿತು. ಡ್ವೈಟ್‌ನ ಟ್ರಕ್ಕಿನೊಳಗೆ ಹೀಟರ್ ಕುಲುಮೆಯ ಹಾಗೆ ಉರಿಯುತ್ತಿತ್ತು, ನಾಯಿ ಸತ್ತು ಎಷ್ಟೋ ಕಾಲವಾದರೂ ನಾಯಿಯ ವಾಸನೆ ಹೋಗಿರಲಿಲ್ಲ. ಡ್ವೈಟ್ ಕೂದಲಿಗೆ ನೀರು ಹಚ್ಚಿ ಬಾಚಿಕೊಂಡಿದ್ದ. "ನಿದ್ದೆ ಬಂತಾ?" ಎಂದು ಕೇಳಿದ.

"ಬಂತು."

"ನಂಗೆ ಬರ್ಲಿಲ್ಲ ಮಾರಾಯ. ಮದುವೆ ಹಿಂದಿನ ದಿನದ ಹಾಗಾಗಿತ್ತು."

"ನಿನ್ನ ಮದುವೆ ಹಿಂದಿನ ದಿನ ನೀನು ಗೊರಕೆ ಹೊಡೀತಿದ್ದೆ. ಒದ್ದು ಎಬ್ಬಿಸಿದ್ದು ನಾನು."

ಡ್ವೈಟ್ ಸ್ಟೀರಿಂಗ್ ಬಡಿದು ನಕ್ಕ. ಆ ನಗುವಿನಲ್ಲಿ ಸಂಶಯದ ಎಳೆಯೂ ಇರಲಿಲ್ಲ; ಅದೇ ಲೋರೆನ್‌ನನ್ನು ಹೆಚ್ಚು ಹಿಂಸಿಸಿತು. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ತೆರೆದ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಡ್ವೈಟ್ ಮಣ್ಣು ಅಗೆಯುವ ದೈತ್ಯ ಯಂತ್ರದ ಮೇಲೆ, ಲೋರೆನ್ ಅದರ ವಿದ್ಯುತ್ ತಂತಿಗಳ ಜೊತೆ. ಮಾತಾಡುವವನು ಯಾವಾಗಲೂ ಡ್ವೈಟ್. ಡಿಸೆಂಬರಿನಲ್ಲಿ ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ ಮಡಿಸುವ ಕುರ್ಚಿಗಳನ್ನು ಹಾಕಿ ನಡೆಸಿದ ಸಭೆಯಲ್ಲೂ ಅವನೇ ಮಾತಾಡಿದ್ದು. "ರಿಜಿಸ್ಟರ್ ಮಾಡಿಸಲ್ಲ ಅನ್ನೋರು ಎದ್ದು ನಿಂತ್ಕೊಳ್ಳಿ," ಎಂದ ಕೂಡಲೇ ಕುರ್ಚಿಗಳ ಸದ್ದು ಒಮ್ಮೆಲೇ ಎದ್ದಿತು. ಎಲ್ಲರೂ ಎದ್ದರು. ಕೂತಿರಬೇಕು ಎಂದು ನಿಶ್ಚಯಿಸಿ ಬಂದಿದ್ದ ಲೋರೆನ್‌ನ ಮೊಣಕಾಲುಗಳೂ ತಾವೇ ತಾವಾಗಿ ಎದ್ದು ನಿಂತವು. ಮುಂದೆ ನಿಂತಿದ್ದವನ ಜಾಕೆಟ್ಟಿನ ಹೊಲಿಗೆಯನ್ನೇ ನೋಡುತ್ತ, ಕೂತರೆ ಏನಾಗುತ್ತಿತ್ತು, ಯಾರು ಏನು ಮಾಡುತ್ತಿದ್ದರು ಎಂದು ಯೋಚಿಸಿದ. ಏನೂ ಆಗುತ್ತಿರಲಿಲ್ಲ. ಡ್ವೈಟ್ ಅವನತ್ತ ನೋಡುತ್ತಿದ್ದ, ಅಷ್ಟೆ.

ಅದಾದ ಮೇಲೆ ಒಂದು ಮಧ್ಯಾಹ್ನ ಪಕ್ಕದ ಊರಿನ ಆಸ್ಪತ್ರೆಯಲ್ಲಿ ನೆಲ್ಡಾಳನ್ನು ಡಯಾಲಿಸಿಸ್ ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಟೀವಿಯಲ್ಲಿ ಅವಳ ಅಡುಗೆ ಕಾರ್ಯಕ್ರಮ ಹಾಕಿಸಿ, "ಕಾರಿನ ಎಣ್ಣೆ ಬದಲಾಯಿಸ್ಕೊಂಡು ಬರ್ತೀನಿ," ಎಂದು ಹೇಳಿ ಹೊರಬಿದ್ದ. ಹೋದದ್ದು ಆ ಊರಿನ ಗ್ರಂಥಾಲಯಕ್ಕೆ. ಅಲ್ಲಿ ಅವನ ಗುರುತಿನವರು ಯಾರೂ ಇರಲಿಲ್ಲ. ಕಂಪ್ಯೂಟರಿನಲ್ಲಿ ರಾಜ್ಯದ ಪೊಲೀಸರ ನೋಂದಣಿ ಪುಟ ತೆರೆದು, ಎರಡೇ ಬೆರಳಲ್ಲಿ, ಅಂಗೈಯಲ್ಲಿ ಪೆನ್ನಿನಿಂದ ಗೀಚಿಕೊಂಡು ತಂದಿದ್ದ ರೈಫಲಿನ ಸಂಖ್ಯೆಯನ್ನು ಒತ್ತಿದ. ಪಕ್ಕದಲ್ಲಿ ಒಬ್ಬ ಮುದುಕಿ ತನ್ನ ಮುತ್ತಜ್ಜಂದಿರ ಹೆಸರುಗಳನ್ನು ಹುಡುಕುತ್ತ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. ಕೊನೆಯ ಗುಂಡಿ ಒತ್ತಿದಾಗ ಏನೋ ಆದೀತು ಅಂದುಕೊಂಡಿದ್ದ. ಒಂದು ಹಸಿರು ಸಾಲು ಬಂತು, ಹೋಯಿತು. ಹೊರಗೆ ಬಂದಾಗ ಎದೆ ಎಷ್ಟು ಹಗುರವಾಗಿತ್ತೆಂದರೆ ಎದುರಿನ ಅಂಗಡಿಗೆ ಹೋಗಿ ನೆಲ್ಡಾಳಿಗೆಂದು ಒಂದು ಚೀಲ ಕಿತ್ತಳೆ ಕೊಂಡ. ಕಾರಿನಲ್ಲಿ ಕೂತ ಮೇಲೆ ನೆನಪಾಯಿತು, ಅವಳು ಕಿತ್ತಳೆ ಮುಟ್ಟುವಂತಿಲ್ಲ. ಮೂತ್ರಪಿಂಡ ಕೈಕೊಟ್ಟ ದಿನದಿಂದ ಅದು ಅವಳಿಗೆ ವಿಷ. ಮನೆಗೆ ಒಯ್ಯುವಂತಿಲ್ಲ, ಎಸೆಯಲು ಮನಸ್ಸಿಲ್ಲ. ಅಲ್ಲೇ ಕೂತು, ತಲೆ ತಗ್ಗಿಸಿ, ಕದ್ದು ತಿನ್ನುವವನ ಹಾಗೆ ಒಂದಾದ ಮೇಲೊಂದು ಸುಲಿದು ತಿಂದ. ಕೈಯೆಲ್ಲ ಅಂಟಾಯಿತು. ಅಂಗೈಯ ಸಂಖ್ಯೆ ರಸದಲ್ಲಿ ಕರಗಿ ನೀಲಿಯಾಯಿತು.

"ಆ ಶಿಕಾಗೋ ಸರ್ಕಾರಿ ವಕೀಲೆ ಏನು ಕೇಳಿದ್ರೂ ಚುಟುಕಾಗಿ ಹೇಳು," ಎನ್ನುತ್ತಿದ್ದ ಡ್ವೈಟ್, ಟ್ರಕ್ಕು ಓಡಿಸುತ್ತ. "ಹೌದು, ಇಲ್ಲ, ಅಷ್ಟೆ. ನಿಂಗೇನು ಅದು ಕಷ್ಟವಲ್ಲ, ನೀನು ಹುಟ್ಟಿದಾಗಿಂದ ಹಾಗೇ."

ಗ್ಯಾಲೊವೇಯ ಕಚೇರಿ ಬ್ಯಾಂಕಿನ ಮೇಲಿನ ಮಹಡಿಯಲ್ಲಿತ್ತು. ಉದ್ದ ಮೇಜು, ನೀರಿನ ಹೂಜಿ, ಮೂಲೆಯಲ್ಲಿ ಬೆರಳಚ್ಚು ಯಂತ್ರದ ಮುಂದೆ ಮಾತುಗಳನ್ನು ಬರೆದುಕೊಳ್ಳುವ ಹೆಂಗಸು. ಸರ್ಕಾರದ ಪರವಾಗಿ ಬಂದ ವಕೀಲೆ ಮಿಸ್ ಝಿಲಿನ್ಸ್ಕಿ ಅವನು ಊಹಿಸಿದ್ದಕ್ಕಿಂತ ಚಿಕ್ಕವಳು. ನೆಗಡಿಯಾಗಿ ಮೂಗು ಕೆಂಪಾಗಿತ್ತು, ಪ್ರತಿ ಸಲ ಮೂಗು ಒರೆಸಿಕೊಳ್ಳುವಾಗಲೂ ಕ್ಷಮೆ ಕೇಳುತ್ತಿದ್ದಳು. ದಾವೆ ಹೂಡಿದವನಾದ್ದರಿಂದ ಡ್ವೈಟ್‌ಗೂ ಕೂರಲು ಅವಕಾಶವಿತ್ತು. ಅವನು ಗೋಡೆಯ ಪಕ್ಕ, ಲೋರೆನ್‌ನ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡ. ಅವನ ಉಸಿರಿನ ಸದ್ದು ಕೇಳಿಸುತ್ತಿತ್ತು. ಹೆಸರು, ವಯಸ್ಸು, ಕೆಲಸ, ರೈಫಲ್ ಯಾವಾಗ ಕೊಂಡದ್ದು, ಯಾಕೆ ಕೊಂಡದ್ದು. ಕ್ಲಬ್ಬಿನಲ್ಲಿ ಗುರಿ ಹೊಡೆಯೋಕೆ, ಆಮೇಲೆ ಕೋಳಿ ಹಿಡಿಯೋಕೆ ನರಿಗಳು ಬರ್ತಾವೆ, ಎಂದ. ಕೋಳಿ ಸಾಕುವುದನ್ನು ಬಿಟ್ಟು ಎಷ್ಟೋ ದಿನವಾಯಿತು ಎಂದು ಆಮೇಲೆ ಹೊಳೆಯಿತು. ಇದೂ ಪ್ರಮಾಣದ ಮಾತೇ ಅಲ್ಲವೇ ಎಂದು ಬೆವರಿ, "ಈಗ ಕೋಳಿ ಇಲ್ಲ," ಎಂದು ತಿದ್ದಿದ. ಬರೆದುಕೊಳ್ಳುವ ಹೆಂಗಸು ನಗೆ ತಡೆದುಕೊಂಡಳು.

"ಆ ರೈಫಲ್ ಈಗ ಎಲ್ಲಿದೆ, ಮಿಸ್ಟರ್ ಅಪ್‌ಹಾಫ್?"

"ಮನೇಲಿ. ಬೀಗ ಹಾಕಿದ ಬೀರುವಿನಲ್ಲಿ."

"ಅದನ್ನ ನೀವು ನೋಂದಣಿ ಮಾಡಿಸಿದೀರಾ?"

"ಆಕ್ಷೇಪಣೆ ಇದೆ," ಎಂದ ಗ್ಯಾಲೊವೇ ಅಭ್ಯಾಸಬಲದಿಂದ. "ಇರಲಿ, ಉತ್ತರ ಹೇಳಿ."

ಅವಳಿಗೆ ಗೊತ್ತಿದೆ ಎಂದು ಅವಳ ಕಣ್ಣು ಹೇಳುತ್ತಿತ್ತು. ಸರ್ಕಾರದ ಕೆಲಸದವಳಿಗೆ ಗೊತ್ತಿರದೆ ಇರುತ್ತದೆಯೇ. ಕೋಣೆಯಲ್ಲಿ ಗೊತ್ತಿಲ್ಲದವನೆಂದರೆ ಬೆನ್ನ ಹಿಂದೆ ಉಸಿರಾಡುತ್ತಿರುವವನು, ಆಮೇಲೆ ತನ್ನದೇ ವಕೀಲ. ಇಲ್ಲ ಎಂದರೆ ಸುಳ್ಳುಸಾಕ್ಷಿ. ಹೌದು ಎಂದರೆ ಅಗ್ನಿಶಾಮಕ ಠಾಣೆಯ ಆ ಕುರ್ಚಿಗಳೆಲ್ಲ ಒಮ್ಮೆಲೇ ತನ್ನ ಕಡೆ ತಿರುಗುತ್ತವೆ. ಲೋರೆನ್ ನೀರಿನ ಹೂಜಿಯನ್ನು ನೋಡಿದ. "ನಿಮಗೆ ಬೇಕಾದ್ರೆ ಸ್ವಲ್ಪ ಬಿಡುವು ತಗೋಬಹುದು," ಎಂದು ಅವಳು ಮೆಲ್ಲಗೆ ಹೇಳಿ ಲೋಟವನ್ನು ಅವನತ್ತ ಸರಿಸಿದಳು. ಎದುರಾಳಿ ಕಡೆಯವಳು ಲೋಟ ಸರಿಸಿದ್ದಕ್ಕೆ ಕಣ್ಣು ಒದ್ದೆಯಾಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ಮಾಡಿಸಿದೀನಿ," ಎಂದ.

ಯಂತ್ರದ ಕೀಲಿಗಳು ಒಂದು ಸಲ ಸದ್ದು ಮಾಡಿ ನಿಂತವು. ಬೆನ್ನ ಹಿಂದೆ ಉಸಿರು ಕೇಳಿಸಲಿಲ್ಲ.

"ಯಾಕೆ ಮಾಡಿಸಿದ್ರಿ ಅಂತ ಹೇಳ್ತೀರಾ?"

ಚುಟುಕಾಗಿ ಹೇಳಬೇಕು ಎಂಬುದು ಮರೆತುಹೋಯಿತು. ಹಿಂದಿನ ಚಳಿಗಾಲದಲ್ಲಿ ಅವನಿಗೆ ಜ್ವರ ಬಂದು ಮಲಗಿದಾಗ ನೆಲ್ಡಾ ರೋಗಿಗಳನ್ನು ಒಯ್ಯುವ ಕೌಂಟಿಯ ವ್ಯಾನಿನಲ್ಲಿ ಹೋಗಿದ್ದಳು. ಡಯಾಲಿಸಿಸ್ ಮುಗಿದು ಅವಳು ಬಾಗಿಲ ಹತ್ತಿರ ಕಾದಳು, ವ್ಯಾನು ಬರಲಿಲ್ಲ. ಎಲ್ಲೋ ಹಿಮದಲ್ಲಿ ಸಿಕ್ಕಿಕೊಂಡಿತ್ತಂತೆ. ಕತ್ತಲಾದ ಮೇಲೆ ಯಾರೋ ನರ್ಸು ತನ್ನ ಕಾರಿನಲ್ಲಿ ತಂದುಬಿಟ್ಟಳು. ನೆಲ್ಡಾಳ ತುಟಿ ನೀಲಿಯಾಗಿತ್ತು. ಅವಳು ಕೋಟು ಕೂಡ ತೆಗೆಯದೆ ಒಲೆಯ ಮುಂದೆ ಕೂತಳು. ಹಾಗೆ ಕೂತ ಬೆನ್ನನ್ನು ಅವನು ಹಾಸಿಗೆಯಿಂದಲೇ ನೋಡಿದ್ದ.

"ನನ್ನ ಹೆಂಡತಿ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಬೇಕು. ಮಂಗಳವಾರ, ಗುರುವಾರ, ಶನಿವಾರ. ನಾನೇ ಕರ್ಕೊಂಡು ಹೋಗೋದು. ಶೆರಿಫ್ ಬಾಗಿಲು ತಟ್ಟಲ್ಲ ಅಂತಾರೆ, ಆದ್ರೆ ರಾಜ್ಯದ ಪೊಲೀಸರಿದ್ದಾರಲ್ಲ. ಒಂದು ವೇಳೆ ಹಿಡಿದ್ರೆ, ನಾನು ಒಂದು ದಿನ ಒಳಗಿದ್ರೂ... ನಮಗೆ ಮಕ್ಕಳಿಲ್ಲ. ಅವಳನ್ನ ಕರ್ಕೊಂಡು ಹೋಗೋಕೆ ಯಾರಿದ್ದಾರೆ? ಯಾರೂ ಇಲ್ಲ." ಕಾನೂನಿಗೆ ಎಲ್ಲಿ ಸೋತಂತೆ ಆದೀತೋ ಎಂದು, "ಕಾನೂನು ತಪ್ಪು ಅಂತಾನೇ ನಾನು ಈಗಲೂ ಹೇಳ್ತೀನಿ," ಎಂದು ಸೇರಿಸಿದ. ಅದು ಅವನ ಕಿವಿಗೇ ಸಣ್ಣದಾಗಿ ಕೇಳಿಸಿತು.

ಹೊರಗಿನ ಪಡಸಾಲೆಯಲ್ಲಿ ಗ್ಯಾಲೊವೇ ಅವನ ತೋಳು ಹಿಡಿದು ನಿಲ್ಲಿಸಿದ. ಬೈಯುತ್ತಾನೆ ಎಂದು ಲೋರೆನ್ ಹಲ್ಲು ಕಚ್ಚಿದ. "ಮೊದಲೇ ಹೇಳಿದ್ರೆ ಚೆನ್ನಾಗಿತ್ತು," ಎಂದ ವಕೀಲ. "ಆದ್ರೆ ಕೇಸಿಗೆ ನಷ್ಟ ಏನಿಲ್ಲ, ಲೋರೆನ್. ನಾನು ಹೆದರಲ್ಲ ಅನ್ನೋ ಸಾಕ್ಷಿಗಳು ನನ್ನ ಹತ್ರ ಬೇಕಾದಷ್ಟಿದ್ದಾರೆ. ಕಾನೂನಿಂದ ತೊಂದರೆ ಆಯ್ತು ಅಂತ ತೋರಿಸೋಕೆ ಹೆದರಿದೋನೂ ಒಬ್ಬ ಬೇಕು." ಇದು ಹೊಗಳಿಕೆಯೋ ಏನೋ ಅರ್ಥವಾಗದೆ ಲೋರೆನ್, "ಥ್ಯಾಂಕ್ಸ್," ಎಂದ. ಹೆದರಿದವನು. ಮೆಟ್ಟಿಲಿಳಿಯುವಾಗ ಆ ಪದ ಪ್ರತಿ ಮೆಟ್ಟಿಲಲ್ಲೂ ಕಾಲಿಗೆ ತೊಡರಿತು. ಡ್ವೈಟ್ ಆಗಲೇ ಟ್ರಕ್ಕಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿದ್ದ.

ಊರು ದಾಟಿದರೂ ಡ್ವೈಟ್ ರೇಡಿಯೋ ಹಾಕಲಿಲ್ಲ. ಮೆಕ್ಕೆಜೋಳದ ಉಗ್ರಾಣದ ಎತ್ತರದ ಗೋಪುರಗಳು ಬಂದವು, ಹೋದವು; ಕೊಯ್ದ ಹೊಲಗಳಲ್ಲಿ ನಿಂತ ನೀರು ಆಕಾಶದ ಬಣ್ಣವೇ ಆಗಿತ್ತು. ಇಳಿಸಿಬಿಡು ಎನ್ನಬೇಕೆನಿಸಿತು ಲೋರೆನ್‌ಗೆ, ಈ ಚಳಿಯಲ್ಲಿ ಮನೆಯವರೆಗೂ ನಡೆದೇ ಹೋದರೆ ಏನಾದರೂ ತೀರೀತು. ಡ್ವೈಟ್ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಒಳಗೆ ಹೋದ, ಎರಡು ಕಾಫಿ ಹಿಡಿದು ಬಂದ, ಒಂದನ್ನು ಮುಖ ನೋಡದೆ ಚಾಚಿದ. ಗಾಡಿ ಹೊರಡಿಸಲಿಲ್ಲ.

"ಯಾರೂ ಇಲ್ಲ ಅಂದೆ," ಎಂದ.

"ಏನು?"

"ಅಲ್ಲಿ, ಆ ಹುಡುಗಿ ಹತ್ರ. ನೆಲ್ಡಾನ ಕರ್ಕೊಂಡು ಹೋಗೋಕೆ ಯಾರೂ ಇಲ್ಲ ಅಂದೆ. ಪ್ರಮಾಣ ಮಾಡಿ ಅಂದೆ. ನಾನು ನಿನ್ನ ಬೆನ್ನ ಹಿಂದೇನೇ ಕೂತಿದ್ದೆನಲ್ಲೋ."

ಲೋರೆನ್‌ಗೆ ತಕ್ಷಣ ತಿಳಿಯಲಿಲ್ಲ. ಬೈಗುಳಕ್ಕೆಂದು ಗಟ್ಟಿ ಮಾಡಿಕೊಂಡಿದ್ದ ಮೈ ಎಲ್ಲಿ ಹೊಡೆತ ಬಿತ್ತೆಂದು ಹುಡುಕಿತು. "ರೈಫಲ್ ವಿಷಯ—" ಎಂದ.

"ಅದಕ್ಕೆ ಕೋಪ ಇಲ್ಲ ಅಂದ್ಕೋಬೇಡ. ಇದೆ. ಅದನ್ನ ಬೇಸಿಗೇಲಿ ನಿಧಾನವಾಗಿ ಜಗಳ ಆಡೋಣ. ಈಗ ಇದಕ್ಕೆ ಹೇಳು. ಜ್ವರ ಬಂದಾಗ ಅವಳನ್ನ ಆ ದರಿದ್ರ ವ್ಯಾನಲ್ಲಿ ಕಳಿಸಿದ್ಯಲ್ಲ, ನನಗೆ ಯಾಕೆ ಫೋನ್ ಮಾಡ್ಲಿಲ್ಲ? ನಾನು ಮನೇಲಿ ಕೂತು ಟೀವಿ ನೋಡ್ತಿದ್ದೆ."

"ನಿಂಗೆ ಯಾಕೆ ತೊಂದ್ರೆ ಅಂತ..."

"ನನ್ನ ಜೀನೆಟ್ ಸತ್ತ ಮೇಲೆ ಪ್ರತಿ ಭಾನುವಾರ ನಿಮ್ಮನೇಲಿ ಊಟಕ್ಕೆ ಕೂರ್ತಿದ್ದೆ. ಆವಾಗ ನಿಂಗೆ ತೊಂದ್ರೆ ಅನಿಸ್ತಿತ್ತಾ?"

"ಇಲ್ಲ."

"ನೆಲ್ಡಾಗೆ?"

"ಅವಳಿಗೆ ಖುಷಿ. ನೀನು ಹಾಕಿದ್ದೆಲ್ಲ ತಿಂತಿದ್ದೆ."

"ಮತ್ತೆ?" ಎಂದ ಡ್ವೈಟ್. ಅವನ ಧ್ವನಿ ಒಡೆದಿತ್ತು. ಸಾವಿರ ಜನರ ಮುಂದೆ ಒಡೆಯದ ಧ್ವನಿ ಅದು. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗಾಜಿನಾಚೆ ನೋಡುತ್ತ ಕೂತ. ಲೋರೆನ್‌ಗೆ ಈಗ ಕಂಡಿತು. ಆ ಕೋಣೆಯಲ್ಲಿ ತಾನು ಮುಚ್ಚಿಟ್ಟಿದ್ದನ್ನು ಹೇಳಿ ಹಗುರಾದೆ ಅಂದುಕೊಂಡಿದ್ದ. ಆದರೆ ಅದೇ ಉಸಿರಿನಲ್ಲಿ, ಅದಕ್ಕಿಂತ ಕೆಟ್ಟದ್ದನ್ನು, ತನಗೇ ಗೊತ್ತಿಲ್ಲದೆ, ಆಡಿದ್ದ. ಎಷ್ಟೊಂದು ವರ್ಷ ಜೊತೆಗಿದ್ದವನನ್ನು ಯಾರೂ ಅಲ್ಲ ಎಂದು ಎಣಿಸಿದ್ದ. ಕ್ಷಮಿಸು ಎಂದು ಹೇಳಿದರೂ ಡ್ವೈಟ್ ಅದನ್ನು ಕೇಳಿಸಿಕೊಳ್ಳುವ ಜಾತಿಯವನಲ್ಲ.

"ನಾಳೆ ಗುರುವಾರ," ಎಂದ ಡ್ವೈಟ್ ಗೇರ್ ಹಾಕುತ್ತ. "ಎಷ್ಟೊತ್ತಿಗೆ ಹೊರಡ್ತೀರಿ?"

ಮನೆಯ ಮುಂದೆ ಇಳಿದ ಲೋರೆನ್ ನೆಟ್ಟಗೆ ಹೋಗಿ ಫಲಕದ ಕಡ್ಡಿಗಳನ್ನು ಹಿಡಿದು ಎಳೆದ. ನೆಲ ಹೆಪ್ಪುಗಟ್ಟಿತ್ತು, ಬರಲಿಲ್ಲ. ಒದ್ದ, ಅಲ್ಲಾಡಿಸಿದ, ಬೂಟು ಜಾರಿ ಮೊಣಕಾಲೂರಿ ಬಿದ್ದ. ಬಿಳಿ ಶರಟಿನ ತೋಳಿಗೆ ಮಣ್ಣು ಹತ್ತಿತು. ಕಿಟಕಿಯ ಪರದೆ ಸರಿದದ್ದು ಕಾಣಿಸಿತು. ಒಳಗೆ ಹೋಗಿ, ಟೈ ಕೂಡ ಬಿಚ್ಚದೆ, ನೆಲ್ಡಾಳ ಎದುರು ಕೂತು ಎಲ್ಲವನ್ನೂ ಹೇಳಿದ: ಗ್ರಂಥಾಲಯ, ಕಿತ್ತಳೆ, ಪ್ರಶ್ನೆ, ಉತ್ತರ. ನಿನ್ನಿಂದಾಗಿ ಎಂಬ ಮಾತು ಬರದಂತೆ ಎಷ್ಟು ಸುತ್ತಿಬಳಸಿದರೂ ಅದು ಬಂದೇ ಬಂತು. ತನ್ನ ಕಾಯಿಲೆಯ ಭಾರ ಇನ್ನೊಬ್ಬರ ಮೇಲೆ ಬಿತ್ತೆಂದರೆ ಅವಳು ದಿನಗಟ್ಟಲೆ ಮಾತು ಬಿಡುವವಳು. ಅವಳು ಬಹಳ ಹೊತ್ತು ಮೇಜಿನ ಮೇಲಿನ ತನ್ನ ಎಡಗೈಯನ್ನು, ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರವನ್ನು ನೋಡುತ್ತಿದ್ದಳು.

"ಮದುವೆಯಾದಾಗಿಂದ ನೀನು ನನಗೆ ಹೇಳಿದ ಅತಿ ಚೆಂದದ ಮಾತು ಇದು," ಎಂದಳು ಕೊನೆಗೆ. "ಅದನ್ನೂ ಶಿಕಾಗೋ ವಕೀಲೆಗೆ ಹೇಳಿ ಬಂದಿದ್ದೀಯ."

ಅವನು ತಲೆ ಎತ್ತಿದ. ಅವಳು ನಗುತ್ತಿದ್ದಳು, ಕಣ್ಣು ಮಾತ್ರ ನಗುತ್ತಿರಲಿಲ್ಲ. "ಒಂದು ಚೀಲ ಪೂರ್ತಿ ತಿಂದ್ಯಾ?" ಎಂದು ಕೇಳಿದಳು. "ಪೂರ್ತಿ," ಎಂದ. "ಸಿಹಿಯಾಗಿತ್ತಾ?" ಸುಳ್ಳು ಹೇಳೋಣವೆನಿಸಿತು. "ತುಂಬಾ," ಎಂದ. ಅವಳು ಕೈ ಚಾಚಿ ಅವನ ಟೈ ಸಡಿಲಿಸಿದಳು.

ಮರುದಿನ ಡ್ವೈಟ್ ಬಂದ. ತನ್ನ ಟ್ರಕ್ಕಿನ ಹಿಂದಿನ ಸೀಟನ್ನು ತೆರವು ಮಾಡಿಕೊಂಡು ಬಂದಿದ್ದ. ಮುಂದಿನ ಬಾಗಿಲು ತೆಗೆದು ನೆಲ್ಡಾಳ ಮೊಣಕೈ ಹಿಡಿದು ಹತ್ತಿಸಿದ. ಲೋರೆನ್ ತನ್ನ ಕಾರಿನ ಬೀಗದಕೈ ಹಿಡಿದು ಅಂಗಳದಲ್ಲಿ ನಿಂತಿದ್ದ. "ನಾನೇ ಓಡಿಸ್ತೀನಿ, ನೀನು ಸುಮ್ಮನೆ ಜೊತೆಗೆ ಬಾ," ಎನ್ನಬೇಕೆಂದಿದ್ದವನಿಗೆ, ಹಾಗೆ ಹೇಳುವುದೂ ನಿನ್ನೆಯ ಮಾತಿನ ಮುಂದುವರಿಕೆಯೇ ಎನಿಸಿತು. ಬೀಗದಕೈಯನ್ನು ಜೇಬಿಗೆ ಹಾಕಿ ಹಿಂದೆ ಹತ್ತಿದ. ಮೊಣಕಾಲು ಮುಂದಿನ ಸೀಟಿಗೆ ತಗುಲುತ್ತಿತ್ತು, ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಈ ಹೀಟರ್ ಸ್ವಲ್ಪ ಕಡಿಮೆ ಮಾಡು. ಬೇಯಿಸ್ಬಿಡ್ತೀಯಾ ನನ್ನ?" ಎಂದಳು ನೆಲ್ಡಾ.

"ನಿಂಗೆ ಚಳಿ ಆಗುತ್ತೆ ಅಂತ ಹಾಕಿದ್ದು."

"ಚಳಿಯಾದ್ರೆ ನಾನು ಹೇಳ್ತೀನಿ. ನಂಗೆ ಬಾಯಿ ಇದೆ, ಇವನ ಥರ ಅಲ್ಲ. ಆಮೇಲೆ ಡ್ವೈಟ್, ನಿನ್ನ ಫಲಕ ನಮ್ಮ ಅಂಗಳದಲ್ಲಿ ಸಿಕ್ಕಿಹಾಕ್ಕೊಂಡಿದೆ. ಮಂಜು ಕರಗಿದ ಮೇಲೆ ನೀನೇ ಬಂದು ಕಿತ್ಕೊಂಡು ಹೋಗು."

"ಕಿತ್ಕೊಂಡು ಹೋಗ್ತೀನಿ. ಊಟಕ್ಕಿರುತ್ತಾ?"

ಅವರಿಬ್ಬರೂ ಹಾಗೆ ಮಾತಾಡುತ್ತಲೇ ಹೋದರು. ಸತ್ತವರ ಬಗ್ಗೆ, ಬದುಕಿರುವವರ ಮಂಡಿನೋವಿನ ಬಗ್ಗೆ. ಇಲ್ಲದ ಬ್ರೇಕನ್ನು ಲೋರೆನ್‌ನ ಕಾಲು ಒಂದೆರಡು ಸಲ ಒತ್ತಿ ಆಮೇಲೆ ಸುಮ್ಮನಾಯಿತು. ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದ, ಆದರೆ ಕಣ್ಣು ಯಾವಾಗಲೂ ರಸ್ತೆಯ ಮೇಲಿನ ಮಂಜಿನ ಮೇಲೆ, ಪಕ್ಕದಲ್ಲಿ ಕೂತವಳ ಉಸಿರಿನ ಮೇಲೆ. ಈಗ ನೋಡುವುದೊಂದೇ ಕೆಲಸ. ಎಲೆ ಉದುರಿದ ಮರಗಳ ಹಿಂದೆ ಒಂದು ದೊಡ್ಡ ಕೆರೆ ಬೆಳ್ಳಗೆ ತೆರೆದುಕೊಂಡಿತು, ಅದರ ತುಂಬ ಬಾತುಗಳು. ಎಲ್ಲಿಂದಲೋ ಬಂದು ಇಳಿಯುತ್ತಿದ್ದವು, ಕಾಲು ಮುಂದೆ ಚಾಚಿ, ಒಂದರ ಹಿಂದೊಂದು. ಗಾಜಿಗೆ ಹಣೆ ಒತ್ತಿ, "ಈ ಕೆರೆ ಯಾವಾಗಿಂದ ಇದೆ ಇಲ್ಲಿ?" ಎಂದು ಕೇಳಿದ.

ಡ್ವೈಟ್ ಕನ್ನಡಿಯಲ್ಲಿ ಅವನನ್ನು ನೋಡಿದ. "ಕೆರೆ ಎಲ್ಲಿಂದ ಬಂತೋ? ಅದು ನಾವು ಅಗೆದ ಗುಂಡಿ. ದಕ್ಷಿಣದ ಗಣಿ."

"ಅದಾ ಇದು?"

"ಅದೇ."

ಡ್ವೈಟ್ ಟ್ರಕ್ಕನ್ನು ನಿಧಾನ ಮಾಡಿ ರಸ್ತೆಯ ಅಂಚಿಗೆ ತಂದ. "ಹೊತ್ತಾಗಲ್ವಾ?" ಎಂದ ಲೋರೆನ್. "ಕಾಯ್ತಾರೆ ಬಿಡು, ನನ್ನ ಬಿಟ್ಟು ಶುರು ಮಾಡೋಕಾಗುತ್ತಾ," ಎಂದಳು ನೆಲ್ಡಾ, ತನ್ನ ಕಡೆಯ ಗಾಜನ್ನು ಇಳಿಸುತ್ತ. ಚಳಿಗಾಳಿಯ ಜೊತೆ ನೂರಾರು ಬಾತುಗಳ ಗಲಾಟೆ ಒಳಗೆ ನುಗ್ಗಿತು.